ಹಳೆ ಬಟ್ಟೆಯಲ್ಲಿ ಕ್ವಿಲ್ಟ್ ಬ್ಯಾಗು, ಪರ್ಸು: ಯಾವ ಬಟ್ಟೆ ಎಲ್ಲಿಗೆ?

ಚಿಂದಿಚಿತ್ತಾರ:
ಸುಮಾರು ದಿನದಿಂದ ಸೆಕೆಂಡ್ ಹ್ಯಾಂಡ್ ಬಟ್ಟೆ ಕೂಡಿಡುತ್ತಿದ್ದೇನೆ. ದೊಡ್ಡ ಹೂವಿನ ಪ್ರಿಂಟ್ ಇರುವ 70ರ ದಶಕದ ಬೆಡ್‌ಶೀಟುಗಳು, ದಪ್ಪನೆಯ ಪರದೆ, ಗಂಡಸರ ಕಾಟನ್ ಷರ್ಟುಗಳು, ಒಂದಷ್ಟು ರೇಷ್ಮೆ ಟೈ, ಎರಡು ಜೀನ್ಸ್. ಜೊತೆಗೆ ಅಂಚು ಹರಿದ ಒಂದು ಹಳೆ ಕ್ವಿಲ್ಟ್ (ಮೂರು ಪದರ ಸೇರಿಸಿ ಹೊಲಿದ ಹೊದಿಕೆ, ನಮ್ಮ ಕೌದಿಯ ಥರ) ಕೂಡ ಇದೆ. ಇವುಗಳಲ್ಲಿ ಒಂದು ಹೆಗಲ ಬ್ಯಾಗು, ಒಂದು ಕಾರ್ಡ್ ಪರ್ಸು ಹೊಲಿಯಬೇಕು ಅಂತ ಆಸೆ. ಹೊಲಿಗೆ ಬರುತ್ತದೆ, ಕ್ವಿಲ್ಟಿಂಗ್ ಕೂಡ ಸ್ವಲ್ಪ ಗೊತ್ತು. ಆದರೆ ಹೊಸ ಬಟ್ಟೆಗೆ ಬರೆದ ಪ್ಯಾಟರ್ನ್‌ಗಳನ್ನು ಹಳೆ ಬಟ್ಟೆಗೆ ಹಾಗೇ ಬಳಸಿದರೆ ನಡೆಯುತ್ತಾ? ನಾಲ್ಕು ದಿನಕ್ಕೆ ಹರಿದುಹೋಗುವ ಬ್ಯಾಗು ನನಗೆ ಬೇಡ. ದಿನಾ ಹೆಗಲಿಗೆ ಹಾಕಿಕೊಂಡು ಓಡಾಡುವಂಥದ್ದು ಬೇಕು.

ಓರೆಎಳೆ:
ಖಂಡಿತ ಆಗುತ್ತದೆ. ಆದರೆ ಪ್ಯಾಟರ್ನ್ ಆಮೇಲೆ, ಮೊದಲು ಬಟ್ಟೆ. ಕತ್ತರಿ ಮುಟ್ಟುವ ಮುಂಚೆ ಪ್ರತಿಯೊಂದು ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲ್ಲಿ ಸವೆದಿದೆಯೋ ಅಲ್ಲಿ ಬೆಳಕು ಜಾಸ್ತಿ ತೂರಿ ಬರುತ್ತದೆ. ಆಮೇಲೆ ಎರಡೂ ಹೆಬ್ಬೆರಳು ಪಕ್ಕಪಕ್ಕ ಇಟ್ಟು ಬಟ್ಟೆಯನ್ನು ಗಟ್ಟಿಯಾಗಿ ಎಳೆಯಿರಿ. ಒಮ್ಮೆ ಹಾಸಿನ (ಉದ್ದ ಎಳೆಯ) ಕಡೆ, ಒಮ್ಮೆ ಹೊಕ್ಕಿನ (ಅಡ್ಡ ಎಳೆಯ) ಕಡೆ. ಒಳ್ಳೆ ಬಟ್ಟೆ ಜಗ್ಗಿಕೊಂಡು ನಿಲ್ಲುತ್ತದೆ. ಲಡ್ಡಾದ ಬಟ್ಟೆ ಸಣ್ಣಗೆ ಚರ್ರ್ ಅಂತ ಸದ್ದು ಮಾಡಿ ಪಿಸಿಯುತ್ತದೆ. ಹಾಗೆ ಪಿಸಿದರೆ ಅದನ್ನು ಬ್ಯಾಗಿಗೆ ಹಾಕಬೇಡಿ, ಎಷ್ಟೇ ಚೆಂದ ಇದ್ದರೂ.

ಒಂದೇ ಬಟ್ಟೆಯಲ್ಲೂ ಎಲ್ಲ ಜಾಗ ಒಂದೇ ಥರ ಇರುವುದಿಲ್ಲ. ಬೆಡ್‌ಶೀಟು ನಡುವೆ ಸವೆದಿರುತ್ತದೆ, ಅಂಚಿನ ಕಡೆ ಹೊಸದರ ಹಾಗೇ ಇರುತ್ತದೆ. ಷರ್ಟಿನಲ್ಲಿ ಕಾಲರು, ಕಂಕುಳು ಬಿಟ್ಟುಬಿಡಿ, ಬೆನ್ನು ಮತ್ತು ಕೆಳಭಾಗ ಚೆನ್ನಾಗಿರುತ್ತದೆ. ಪರದೆಯಲ್ಲಿ ಬಿಸಿಲು ಬಿದ್ದ ಮಡಿಕೆಗಳು ಉದ್ದುದ್ದ ಪಟ್ಟಿಯಾಗಿ ಸೋತಿರುತ್ತವೆ, ಪಕ್ಕದ ಪಟ್ಟಿ ಗಟ್ಟಿ ಇರುತ್ತದೆ. ಆದ್ದರಿಂದ ಪರದೆಯನ್ನು ಒಂದೊಂದು ಪಟ್ಟಿ ಬಿಡಿಬಿಡಿಯಾಗಿ ಎಳೆದು ನೋಡಬೇಕು.

ಇನ್ನು ಮುಖ್ಯ ವಿಷಯ. ಬ್ಯಾಗಿನಲ್ಲಿ ಭಾರ ಎಲ್ಲಿ ಬೀಳುತ್ತದೆ ಅಂತ ಯೋಚಿಸಿ. ಹೆಗಲ ಪಟ್ಟಿ, ಪಟ್ಟಿ ಬ್ಯಾಗಿಗೆ ಸೇರುವ ಜಾಗ, ತಳ, ಒಳಗಿನ ಲೈನಿಂಗ್. ಭಾರ, ಉಜ್ಜಾಟ ಎಲ್ಲ ಈ ನಾಲ್ಕು ಕಡೆಗೇ. ಹೊರಗಿನ ಅಗಲವಾದ ಮುಖಕ್ಕೆ ಅಷ್ಟೇನೂ ಶ್ರಮ ಇಲ್ಲ. ಹಾಗಾಗಿ ನಿಮ್ಮ ಹೂವಿನ ಬೆಡ್‌ಶೀಟು ಮುಖಕ್ಕೆ ಹೋಗಲಿ, ಜೀನ್ಸ್ ಪಟ್ಟಿಗೂ ತಳಕ್ಕೂ ಹೋಗಲಿ. ಲೈನಿಂಗಿಗೆ ಗಟ್ಟಿ ನೇಯ್ಗೆಯ ಬಟ್ಟೆ ಹಾಕಿ, ಬೇಕಾದರೆ ಹೊಸದನ್ನೇ ಹಾಕಿ. ತುಂಬಾ ಜನ "ಒಳಗೆ ಯಾರು ನೋಡ್ತಾರೆ" ಅಂತ ಅತಿ ಸವೆದ ಬಟ್ಟೆಯನ್ನು ಲೈನಿಂಗಿಗೆ ಹಾಕುತ್ತಾರೆ. ಅದು ಪೂರ್ತಿ ಉಲ್ಟಾ. ಕೀಲಿ, ಪೆನ್ನು, ಚಾರ್ಜರ್ ಪಿನ್ನು ಎಲ್ಲ ಕುಕ್ಕುವುದು ಲೈನಿಂಗನ್ನೇ.

ನೂಲುನೋಟ:
ಓರೆಎಳೆ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತುಂಬಾ ಹಳೆ ಕಾಟನ್ ಸಿಕ್ಕರೆ ಕಂದು ಬಣ್ಣದ ಪ್ರಿಂಟನ್ನು ವಿಶೇಷವಾಗಿ ನೋಡಿ. ಹಿಂದೆ ಕೆಲವು ಕಂದು, ಕಪ್ಪು ಬಣ್ಣ ಕಚ್ಚಿ ನಿಲ್ಲಲು ಕಬ್ಬಿಣದ ಲವಣ ಬಳಸುತ್ತಿದ್ದರು. ಆ ಕಬ್ಬಿಣ ಕಾಲಕ್ರಮೇಣ ನೂಲನ್ನೇ ತಿನ್ನುತ್ತದೆ. ಹಳೆ ಕ್ವಿಲ್ಟ್‌ಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಸುತ್ತ ಇರುವ ಕೆಂಪು, ನೀಲಿ ತುಂಡುಗಳು ಗಟ್ಟಿಯಾಗಿದ್ದರೂ ಕಂದು ತುಂಡು ಮಾತ್ರ ಪುಡಿಪುಡಿಯಾಗಿ ಉದುರಿ ಒಳಗಿನ ಹತ್ತಿ ಕಾಣುತ್ತಿರುತ್ತದೆ. ಕೆಲವೊಮ್ಮೆ ಪ್ರಿಂಟಿನ ಕಂದು ಗೆರೆ ಇದ್ದ ಕಡೆ ಮಾತ್ರ ತೂತಾಗಿ, ಹೂವಿನ ಆಕಾರದಲ್ಲೇ ಖಾಲಿ ಜಾಗ ಉಳಿದಿರುತ್ತದೆ.

ರೇಷ್ಮೆಯದು ಬೇರೆ ಕಥೆ. 19ನೇ ಶತಮಾನದ ಕೊನೆ, 20ನೇ ಶತಮಾನದ ಮೊದಲ ಭಾಗದ ಎಷ್ಟೋ ರೇಷ್ಮೆಗಳಿಗೆ ತೂಕ ಬರಲಿ, ಗರಿಗರಿ ಇರಲಿ ಅಂತ ತವರದಂಥ ಲೋಹದ ಲವಣ ಕುಡಿಸುತ್ತಿದ್ದರು. ಅಂಥ ರೇಷ್ಮೆ ಮಡಿಕೆ ಇದ್ದಲ್ಲೇ ಉದ್ದಕ್ಕೆ ಸೀಳುತ್ತದೆ. ಹೊಲಿದು ಉಳಿಸಲು ಆಗಲ್ಲ. ಫ್ಯೂಸಿಂಗ್ (ಇಸ್ತ್ರಿ ಬಿಸಿಗೆ ಅಂಟುವ ಒಳಬಟ್ಟೆ) ಅಂಟಿಸಿದರೂ ಮೇಲ್ಮೈ ಉದುರುತ್ತಲೇ ಇರುತ್ತದೆ.

ನಿಮ್ಮ ಟೈಗಳು ಅಷ್ಟು ಹಳೆಯದಿರಲಾರವು. ಆದರೆ ಟೈಯನ್ನು ಓರೆಗೆ ಕತ್ತರಿಸಿರುತ್ತಾರೆ, ಅದಕ್ಕೇ ಅದು ಗಂಟು ಹಾಕಿದಾಗ ಚೆನ್ನಾಗಿ ಬಳುಕುತ್ತದೆ. ಬಿಚ್ಚಿ ಹಾಗೇ ಹೊಲಿದರೆ ಆ ಕಡೆ ಈ ಕಡೆ ಎಳೆದುಕೊಂಡು ಹೋಗುತ್ತದೆ. ಬಿಚ್ಚಿ, ಒಳಗಿನ ದಪ್ಪ ಪದರ ತೆಗೆದು, ಹಿಂದೆ ತೆಳು ಫ್ಯೂಸಿಂಗ್ ಅಂಟಿಸಿ, ಆಮೇಲೆ ಕತ್ತರಿಸಿ. ಪರ್ಸಿನ ಹೊರಮೈಗೆ ಟೈ ರೇಷ್ಮೆ ತುಂಬಾ ಸೊಗಸು.

ಬಾಬಿನ್‌ಬಂಧು:
ಒಗೆಯುವುದರ ಬಗ್ಗೆ ಯಾರೂ ಹೇಳಲಿಲ್ಲ. ಸೆಕೆಂಡ್ ಹ್ಯಾಂಡ್ ಬಟ್ಟೆಯಲ್ಲಿ ಹುಳ ಇರಬಹುದು, ಮನೆಯೊಳಗೆ ಬಂದ ತಕ್ಷಣ ಒಗೆಯಬೇಕು, ಉಳಿದ ಬಟ್ಟೆ ಜೊತೆ ಇಡಲೇಬಾರದು. ಉಪ್ಪು, ವಿನೆಗರ್ ನೀರಲ್ಲಿ ನೆನೆಸಿದರೆ ಬಣ್ಣವೂ ನಿಲ್ಲುತ್ತದೆ.

ನೂಲುನೋಟ:
ಮೊದಲನೆಯದು ಸರಿ, ಎರಡನೆಯದು ಇಲ್ಲ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸ ಇದೆ, ಬಣ್ಣ ಹಾಕಿ ಮುಗಿದ ಕಾಟನ್ನಿಗೆ ಆಮೇಲೆ ಉಪ್ಪು, ವಿನೆಗರ್ ಹಾಕಿದರೆ ಬಣ್ಣ ಕಚ್ಚಿಕೊಳ್ಳುವುದಿಲ್ಲ. ಬಣ್ಣ ಬಿಡುತ್ತಾ ಅಂತ ನೋಡುವುದು ಸುಲಭ: ಒದ್ದೆ ಬಿಳಿ ಬಟ್ಟೆಯನ್ನು ಅದರ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಪದೇಪದೇ ಒಗೆಯಿರಿ, ಬಣ್ಣ ಹೀರುವ ಹಾಳೆ ಹಾಕಿ ಒಗೆಯಿರಿ. ಅಷ್ಟಾದರೂ ಬಿಡುತ್ತಿದ್ದರೆ ತಿಳಿ ಬಣ್ಣದ ಪಕ್ಕ ಅದನ್ನು ಹೊಲಿಯಬೇಡಿ.

ಹುಳದ ವಿಷಯಕ್ಕೆ: ಗಟ್ಟಿ ಕಾಟನ್ನನ್ನು 60 ಡಿಗ್ರಿ ಬಿಸಿ ನೀರಲ್ಲಿ ಒಗೆದರೆ ತಿಗಣೆ, ಅದರ ಮೊಟ್ಟೆ ಎರಡೂ ಸಾಯುತ್ತವೆ. ಉಣ್ಣೆಯನ್ನು ಹಾಗೆ ಒಗೆದರೆ ಕುಗ್ಗಿ ಗಟ್ಟಿಯಾಗುತ್ತದೆ. ಉಣ್ಣೆಗೆ ನುಸಿ ಹತ್ತಿರುವ ಅನುಮಾನ ಇದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಎರಡು ವಾರ ಇಡಿ.

ಕತ್ತರಿಕೈ:
ಹಳೆ ಬಟ್ಟೆ ಯಾವ ನೂಲಿನದು ಅಂತ ತಿಳಿಯುವುದು ಹೇಗೆ? ಲೇಬಲ್ ಇರಲ್ವಲ್ಲ.

ಓರೆಎಳೆ:
ಅಂಚಿನಿಂದ ಕೆಲವು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ. ಕಾಟನ್, ಲಿನನ್, ರೇಯಾನ್ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತವೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ, ಕಪ್ಪು ಉಂಡೆ ಕೈಯಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಅದು ಒಡೆಯಲ್ಲ.

70ರ ದಶಕದ ಬೆಡ್‌ಶೀಟು ಎಷ್ಟೋ ಸಲ ಪಾಲಿಯೆಸ್ಟರ್ ಬೆರೆತ ಕಾಟನ್ ಆಗಿರುತ್ತದೆ. ಕೆಲವರಿಗೆ ಅದು ಹಿಡಿಸಲ್ಲ. ನನಗಂತೂ ಬ್ಯಾಗಿಗೆ ಬಹಳ ಇಷ್ಟ. ಬಣ್ಣ ಮಾಸಿರುವುದಿಲ್ಲ, ಬೇಗ ಹರಿಯುವುದೂ ಇಲ್ಲ. ಇಸ್ತ್ರಿ ಬಿಸಿ ಕಡಿಮೆ ಇಡಬೇಕು, ಮಡಿಕೆ ಚೂಪಾಗಿ ಕೂರುವುದಿಲ್ಲ, ಅಷ್ಟೇ.

ಚಿಂದಿಚಿತ್ತಾರ:
ಸುಟ್ಟು ನೋಡಿದೆ, ಒಂದು ಬೆಡ್‌ಶೀಟು ಮಿಶ್ರಣವೇ. ಒಂದು ಶುದ್ಧ ಕಾಟನ್. ಎಳೆದಾಗ ಎರಡೂ ಗಟ್ಟಿಯಾಗಿ ನಿಂತವು. ಈಗ ನಡುವಿನ ಪದರ. ಪೇಟೆಯಲ್ಲಿ ಸಿಗುವ ಬ್ಯಾಟಿಂಗ್ (ನಡುವೆ ಹಾಕುವ ಹತ್ತಿಯಂಥ ಮೆತ್ತನೆ ಹಾಳೆ) ಬದಲು ಹಳೆ ಟವಲ್ಲು, ಫ್ಲಾನೆಲ್, ಉಣ್ಣೆ ಕಂಬಳಿ ಹಾಕಬಹುದಾ? ಪೂರ್ತಿ ಹಳೆಯದರಲ್ಲೇ ಮಾಡಬೇಕು ಅಂತ ಮನಸ್ಸು.

ಬಾಬಿನ್‌ಬಂಧು:
ಹಾಕಬಹುದು. ಫ್ಲಾನೆಲ್ ಪರ್ಸಿಗೆ ಹೇಳಿಮಾಡಿಸಿದ್ದು, ತೆಳುವಾಗಿ ಮೆತ್ತಗಿರುತ್ತದೆ. ಉಣ್ಣೆ ಕಂಬಳಿ ಬ್ಯಾಗಿಗೆ ಒಳ್ಳೆ ಮೈಕಟ್ಟು ಕೊಡುತ್ತದೆ, ಆದರೆ ಮೊದಲೇ ಒಗೆದು ಕುಗ್ಗಿಸಿರಬೇಕು. ಟವಲ್ಲು ಬೇಡ, ಜೋಡುವ ಕಡೆ ತೀರಾ ದಪ್ಪವಾಗಿ ಸೂಜಿ ತಿಣುಕುತ್ತದೆ. ಬ್ಯಾಗು ಕೆಳಗಿಟ್ಟಾಗ ನೆಟ್ಟಗೆ ನಿಲ್ಲಬೇಕು ಅಂದರೆ ಮಾತ್ರ ಫೋಮ್ ಹಾಕಿ.

ಏನೇ ಹಾಕಿದರೂ ತುಂಡನ್ನು ಬೇಕಾದ ಅಳತೆಗಿಂತ ಸುತ್ತಲೂ 2–3 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ ಕ್ವಿಲ್ಟ್ ಮಾಡಿ. ಸಾಲು ಹೊಲಿಗೆ ಬೀಳುತ್ತಾ ಬೀಳುತ್ತಾ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ. ಕ್ವಿಲ್ಟಿಂಗ್ ಪೂರ್ತಿ ಮುಗಿದ ಮೇಲೆ ಪ್ಯಾಟರ್ನ್ ಇಟ್ಟು ನಿಜವಾದ ಅಳತೆಗೆ ಕತ್ತರಿಸಿ.

ಓರೆಎಳೆ:
ಹೌದು. ಸಾಲುಗಳನ್ನು ನಡುವಿನಿಂದ ಶುರುಮಾಡಿ ಹೊರಗೆ ಹೋಗಿ. ಮೆಷಿನ್ನಿಗೆ ಹಾಕುವ ವಾಕಿಂಗ್ ಫುಟ್ ಎಂಬ ವಿಶೇಷ ಪಾದ ಇದ್ದರೆ ಹಾಕಿ, ಅದು ಮೇಲಿನ ಪದರವನ್ನೂ ಕೆಳಗಿನದರ ಜೊತೆಗೇ ಮುಂದೆ ತಳ್ಳುತ್ತದೆ. ಸಾಲಿನ ನಡುವೆ 2–2.5 ಸೆಂ.ಮೀ. ಇರಲಿ. ಸವೆದ ಬಟ್ಟೆಗೆ ಹತ್ತಿರದ ಸಾಲು ಒಳ್ಳೆಯದು, ಭಾರ ಒಂದೇ ಎಳೆಯ ಮೇಲೆ ಬೀಳದೆ ಎಲ್ಲ ಕಡೆ ಹಂಚಿಹೋಗುತ್ತದೆ. ಆದರೆ ಹೊಲಿಗೆಯ ಹೆಜ್ಜೆ ಮಾತ್ರ ಚಿಕ್ಕದು ಬೇಡ. 3 ಮಿ.ಮೀ. ಆಸುಪಾಸು ಇಡಿ. ತೀರಾ ಚಿಕ್ಕ ಹೆಜ್ಜೆ ಇಟ್ಟರೆ ತೂತಿನ ಸಾಲಾಗಿ, ಅಂಚೆಚೀಟಿ ಹಾಳೆಯ ಹಾಗೆ ಅಲ್ಲೇ ಹರಿಯುತ್ತದೆ.

ಸೂಜಿಯ ಮೇಲಿನ ನಂಬರ್ ಅಂದರೆ ಅದರ ದಪ್ಪ, 90 ಅಂದರೆ 0.90 ಮಿ.ಮೀ. ಕ್ವಿಲ್ಟಿಂಗಿಗೆ 90, ಜೀನ್ಸ್ ಪದರ ಕೂಡುವಲ್ಲಿ 100, ಟೈ ರೇಷ್ಮೆಗೆ 70ರ ಚೂಪು ಸೂಜಿ. ಹಳೆ ಬಟ್ಟೆ ಜೊತೆ ಮರದ ಉಂಡೆಯ ಹಳೆ ದಾರವೂ ಸಿಗುತ್ತದೆ, ನೋಡಲು ಚೆಂದ. ಜೋಡಣೆಗೆ ಅದನ್ನು ಬಳಸಬೇಡಿ. ಬಟ್ಟೆಯ ಹಾಗೇ ದಾರವೂ ಲಡ್ಡಾಗಿರುತ್ತದೆ. ದಾರ ಹೊಸ ಪಾಲಿಯೆಸ್ಟರೇ ಇರಲಿ.

ಕತ್ತರಿಕೈ:
ಆ ಹರಿದ ಕ್ವಿಲ್ಟನ್ನು ಏನು ಮಾಡುತ್ತೀರಿ? ಹಾಗೇ ಕತ್ತರಿಸಿ ಬ್ಯಾಗು ಮಾಡಿಬಿಡಿ, ಮೂರು ಪದರ ತಯಾರೇ ಇದೆ. ಅರ್ಧ ಕೆಲಸ ಉಳಿಯಿತು.

ನೆನಪುನೂಲು:
ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕತ್ತರಿಸುವ ಮುಂಚೆ ದಯವಿಟ್ಟು ತಿರುಗಿಸಿ ನೋಡಿ. ಹಿಂದೆ ಮೂಲೆಯಲ್ಲಿ ಹೆಸರು, ವರ್ಷ ಕಸೂತಿ ಮಾಡಿದ್ದಾರಾ? ಹೊಲಿಗೆ ಕೈಯದಾ? ಒಂದು ಕ್ವಿಲ್ಟಿಗೆ ಯಾರೋ ತಿಂಗಳುಗಟ್ಟಲೆ ಕೂತಿರುತ್ತಾರೆ. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ಸವೆದ ಕೆಲಸದ ಬಟ್ಟೆಗಳನ್ನು ಜೋಡಿಸಿ ಮನೆಯವರು ಚಳಿಯಲ್ಲಿ ಹೊದೆಯಲಿ ಅಂತ ಮಾಡಿದ ಕ್ವಿಲ್ಟ್‌ಗಳು 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಂನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಗೋಡೆ ಏರಿದವು. 2006ರಲ್ಲಿ ಅಮೆರಿಕ ಅವುಗಳ ಅಂಚೆಚೀಟಿ ತಂದಿತು. ಅವನ್ನು ಯಾರಾದರೂ ಮೊದಲೇ "ಹಳೆ ಚಿಂದಿ" ಅಂತ ಕತ್ತರಿಸಿಬಿಟ್ಟಿದ್ದರೆ?

ನ್ಯೂಯಾರ್ಕಿನ ಫ್ಯಾಷನ್ ಸಮಾರಂಭ ಮೆಟ್ ಗಾಲಾಗೆ 2021ರಲ್ಲಿ ರ್‍ಯಾಪರ್ ಏಸ್ಯಾಪ್ ರಾಕಿ ಒಂದು ದೊಡ್ಡ ಕ್ವಿಲ್ಟ್ ಹೊದ್ದು ಬಂದಿದ್ದರು, ನೆನಪಿದೆಯಾ? ಅದಕ್ಕೆ ಬಳಸಿದ್ದು ಸೆಕೆಂಡ್ ಹ್ಯಾಂಡ್ ಕ್ವಿಲ್ಟ್. ಫೋಟೋ ನೋಡಿದ ಒಬ್ಬ ಮಹಿಳೆ ಅದು ತನ್ನ ಮುತ್ತಜ್ಜಿಯದು ಅಂತ ಗುರುತಿಸಿದರು. ಗುರುತು ಸಿಗುವಷ್ಟು ಅದು ಉಳಿದಿತ್ತು.

ಕತ್ತರಿಕೈ:
ಸರಿ, ಚೆನ್ನಾಗಿರುವ ಕ್ವಿಲ್ಟನ್ನು ಕತ್ತರಿಸಿ ಅಂತ ನಾನೂ ಹೇಳಲ್ಲ. ಆದರೆ ಅರ್ಧ ಹರಿದು, ಹತ್ತಿ ಗಂಟುಗಂಟಾಗಿ, ಇಲಿ ಕಡಿದು ಕಸಕ್ಕೆ ಹೋಗುವಂಥದ್ದೂ ಇರುತ್ತವಲ್ಲ. ಅದರ ಉಳಿದ ಒಳ್ಳೆ ಭಾಗ ಒಂದು ಬ್ಯಾಗಾಗಿ ಇನ್ನಷ್ಟು ವರ್ಷ ಜನರ ಕೈಯಲ್ಲಿ ಓಡಾಡಿದರೆ ತಪ್ಪೇನು? ಪೆಟ್ಟಿಗೆಯಲ್ಲಿ ಮುಗ್ಗಲು ಹಿಡಿಯುವುದಕ್ಕಿಂತ ಇದು ವಾಸಿ ಅಲ್ವಾ.

ನೆನಪುನೂಲು:
ಅಂಥದ್ದಕ್ಕೆ ನನ್ನ ತಕರಾರಿಲ್ಲ. ಮೊದಲು ರಿಪೇರಿ ಆಗುತ್ತಾ ನೋಡಿ. ಆಗಲ್ಲ ಅಂದರೆ ಪೂರ್ತಿ ಹರಡಿ ಎರಡೂ ಬದಿ ಫೋಟೋ ತೆಗೆದಿಡಿ, ಬ್ಲಾಕಿನ (ಕ್ವಿಲ್ಟಿನ ಒಂದೊಂದು ಚೌಕದ) ವಿನ್ಯಾಸ ಬರೆದಿಡಿ. ಕುಟುಂಬದ್ದಾದರೆ ಮನೆಯವರನ್ನೆಲ್ಲ ಕೇಳಿ. ಆಮೇಲೆ ಕತ್ತರಿಸಿ. ಮೂಲೆಯ ಹೆಸರಿನ ತುಂಡು ಸಿಕ್ಕರೆ ಅದನ್ನು ಬ್ಯಾಗಿನ ಒಳಜೇಬಿನ ಮೇಲೆ ಹೊಲಿಯಿರಿ.

ಓರೆಎಳೆ:
ಕತ್ತರಿಸುವವರಿಗೆ ಒಂದು ಕೆಲಸ ಮರೆಯಬಾರದು. ಗೆರೆ ಎಳೆದು, ಗೆರೆಯ ಒಳಗೆ ಸುಮಾರು 3 ಮಿ.ಮೀ. ಬಿಟ್ಟು ಸುತ್ತ ಮೆಷಿನ್ ಹೊಲಿಗೆ ಹಾಕಿ, ಆಮೇಲೆ ಕತ್ತರಿಸಿ. ಸುಮ್ನೆ ಕತ್ತರಿಸಿದರೆ ಕೈಹೊಲಿಗೆ ಎಲ್ಲ ಕಡೆಯಿಂದ ಬಿಚ್ಚಿಕೊಂಡು, ಒಳಗಿನ ಹತ್ತಿ ಹೊರಗೆ ಬಂದು ಜೂಲುಜೂಲಾಗುತ್ತದೆ. ಹಿಂಬದಿಗೆ ಹೊಸದೊಂದು ತೆಳು ಬಟ್ಟೆ ಇಟ್ಟು ಅಲ್ಲಲ್ಲಿ ಮೆಷಿನ್ ಸಾಲು ಹಾಕುವುದು ಇನ್ನೂ ಒಳ್ಳೆಯದು. ಹೆಗಲ ಪಟ್ಟಿಯನ್ನು ಮಾತ್ರ ಹಳೆ ಕ್ವಿಲ್ಟಿನಿಂದ ಮಾಡಲೇಬೇಡಿ.

ಚಿಂದಿಚಿತ್ತಾರ:
ತಿರುಗಿಸಿ ನೋಡಿದೆ. ಹೆಸರಿಲ್ಲ, ಹೊಲಿಗೆ ಮೆಷಿನ್ನಿನದು, ಒಂದು ಬದಿ ಪೂರ್ತಿ ಪಿಸಿದಿದೆ. ಆದರೂ ಇನ್ನೊಂದು ಬದಿ ಗಟ್ಟಿ ಇದೆ. ಅಂಚು ಕಟ್ಟಿ ಚಿಕ್ಕ ಹೊದಿಕೆ ಮಾಡಿಕೊಳ್ಳುತ್ತೇನೆ, ಕತ್ತರಿಸಿ ಉಳಿದ ಪಟ್ಟಿಯಿಂದ ಪರ್ಸಿನ ಹೊರಮೈ. ಎರಡೂ ಆಯಿತು.

ಈಗ ಲೆಕ್ಕದ ಪ್ರಶ್ನೆ. ಬ್ಯಾಗಿನ ತಳ 10 ಸೆಂ.ಮೀ. ಅಗಲ ಬೇಕು. ಮೂಲೆಯಲ್ಲಿ ಎಷ್ಟು ಚೌಕ ಕತ್ತರಿಸಲಿ? ಮತ್ತೆ ಪರ್ಸಿನ ಕಾರ್ಡ್ ಜೇಬು ಒಂದರ ಮೇಲೊಂದು ಬಂದಾಗ ದಪ್ಪ ಆಗುವುದನ್ನು ತಪ್ಪಿಸುವುದು ಹೇಗೆ?

ಓರೆಎಳೆ:
ತಳಕ್ಕೆ: ಎಲ್ಲ ಕಡೆ ಹೊಲಿಗೆಯ ಅಂಚು ಒಂದೇ ಅಳತೆ ಬಿಟ್ಟಿದ್ದರೆ, ಕತ್ತರಿಸಿದ ಅಂಚಿನಿಂದ ಅಳೆದು ಬೇಕಾದ ಅಗಲದ ಅರ್ಧದಷ್ಟು ಚೌಕ ತೆಗೆಯಿರಿ. 10ಕ್ಕೆ 5 ಸೆಂ.ಮೀ. ಚೌಕ. ಲೈನಿಂಗಿಗೂ ಅಷ್ಟೇ. ಪಕ್ಕ ಮತ್ತು ತಳದ ಹೊಲಿಗೆ ಮುಗಿಸಿ, ಆ ಎರಡು ಹೊಲಿಗೆಗಳನ್ನು ಎದುರುಬದುರು ಕೂಡಿಸಿ, ಅಡ್ಡ ಒಂದು ಹೊಲಿಗೆ. ಎರಡು ಹೊಲಿಗೆಗಳ ಮಡಿಕೆ ಒಂದು ಆ ಕಡೆ ಒಂದು ಈ ಕಡೆ ಇರಲಿ, ಒಂದೇ ಕಡೆ ಕೂಡಿದರೆ ಗಡ್ಡೆಯಾಗುತ್ತದೆ.

ಪರ್ಸಿಗೆ: ಕಾರ್ಡಿನ ಅಳತೆ ಎಲ್ಲ ಕಡೆ ಒಂದೇ, 85.6 x 54 ಮಿ.ಮೀ. ಜೇಬು ಹೊಲಿದು ಮುಗಿದಾಗ ಒಳಗೆ 95 ಮಿ.ಮೀ. ಅಗಲ ಇದ್ದರೆ ಕಾರ್ಡ್ ಸರಾಗವಾಗಿ ಬರುತ್ತದೆ. ಇಲ್ಲಿಗೆ ನಿಮ್ಮ ಷರ್ಟುಗಳು! ತೆಳು, ಗಟ್ಟಿ ನೇಯ್ಗೆ, ಇದಕ್ಕಿಂತ ಒಳ್ಳೆಯದು ಸಿಗಲ್ಲ. ಜೇಬುಗಳಿಗೆ ನಡುಪದರ ಹಾಕಲೇಬೇಡಿ, ಅದು ಹೊರಮೈಗೆ ಮಾತ್ರ. ಒಂದೊಂದು ಜೇಬಿನ ತುಂಡನ್ನೂ ಅಡ್ಡಲಾಗಿ ಅರ್ಧ ಮಡಚಿ, ಮಡಿಕೆ ಮೇಲೆ ಬರುವ ಹಾಗೆ ಒಂದೇ ಹಿಂಬಟ್ಟೆಯ ಮೇಲೆ ಇಡಿ. ಮೊದಲನೆಯದರ ತಳ ಹೊಲಿಯಿರಿ, ಎರಡನೆಯದನ್ನು ಒಂದೂವರೆ ಸೆಂ.ಮೀ. ಕೆಳಗಿಟ್ಟು ಅದರ ತಳ ಹೊಲಿಯಿರಿ, ಹೀಗೇ ಇಳಿಯುತ್ತಾ ಹೋಗಿ. ತಳಗಳು ಬೇರೆಬೇರೆ ಎತ್ತರದಲ್ಲಿ ಬೀಳುವುದರಿಂದ ಅಡಿಯಲ್ಲಿ ರಾಶಿಯಾಗುವುದಿಲ್ಲ. ಪಕ್ಕದ ಅಂಚುಗಳಲ್ಲಿ ಎಲ್ಲ ಪದರ ಕೂಡುತ್ತವೆ, ಅದಕ್ಕೆ ಬೇರೆ ದಾರಿ ಇಲ್ಲ. ಅದಕ್ಕೇ ಒಂದು ಬದಿಗೆ ಮೂರು ಜೇಬು ಸಾಕು ಅನ್ನುತ್ತೇನೆ.

ಬಾಬಿನ್‌ಬಂಧು:
ದಪ್ಪದ ಜಾಗಕ್ಕೆ ಬಂದಾಗ ಮೆಷಿನ್ ಓಡಿಸಬೇಡಿ, ಚಕ್ರ ಕೈಯಲ್ಲಿ ತಿರುಗಿಸಿ. ಫುಟ್ಟಿನ ಮುಂಭಾಗ ಮೇಲಕ್ಕೆ ಎದ್ದಾಗ ಹಿಂಭಾಗದ ಕೆಳಗೆ ಮಡಚಿದ ಜೀನ್ಸ್ ತುಂಡು ತೂರಿಸಿದರೆ ಫುಟ್ ಸಮನಾಗುತ್ತದೆ, ಹೊಲಿಗೆ ತಪ್ಪಲ್ಲ. ಪಿನ್ನಿನ ಬದಲು ಕ್ಲಿಪ್ ಹಾಕಿ, ಪಿನ್ನು ಸವೆದ ಬಟ್ಟೆಯಲ್ಲಿ ತೂತು ಉಳಿಸುತ್ತದೆ.

ಚಿಂದಿಚಿತ್ತಾರ:
ಕೊನೆಯದಾಗಿ ಜಿಪ್. ಹಳೆ ಬಟ್ಟೆಯಿಂದ ಬಿಚ್ಚಿದ ಲೋಹದ ಜಿಪ್‌ಗಳಿವೆ, ನೋಡಲು ತುಂಬಾ ಚೆನ್ನಾಗಿವೆ. ಹಾಕಲಾ?

ಓರೆಎಳೆ:
ಹಲ್ಲು ಪೂರ್ತಿ ಇದ್ದು, ಪಕ್ಕದ ಪಟ್ಟಿ ಎಳೆದಾಗ ಗಟ್ಟಿ ನಿಂತರೆ ಹಾಕಿ. ಬಿಗಿಯಾಗಿ ಓಡಿದರೆ ಹಲ್ಲಿಗೆ ಮೇಣದಬತ್ತಿ ಉಜ್ಜಿ. ಉದ್ದ ಕಡಿಮೆ ಮಾಡಬೇಕಾದರೆ ಹೊಲಿಗೆ ಬರುವ ಜಾಗದ ಹಲ್ಲುಗಳನ್ನು ಇಕ್ಕಳದಿಂದ ಒಂದೊಂದಾಗಿ ಕೀಳಬೇಕು, ಇಲ್ಲದಿದ್ದರೆ ಸೂಜಿ ಮುರಿಯುತ್ತದೆ. ನೈಲಾನ್ ಜಿಪ್ ಆದರೆ ಕತ್ತರಿಯಲ್ಲೇ ಕತ್ತರಿಸಿ ಮೇಲೆಯೇ ಹೊಲಿಯಬಹುದು. ಹೊಸದು ಕೊಳ್ಳುವುದಾದರೆ ಬ್ಯಾಗಿಗೆ 5ನೇ ನಂಬರ್, ಪರ್ಸಿಗೆ 3ನೇ ನಂಬರ್ ಕೇಳಿ. ಜಿಪ್ಪಿನ ಎರಡೂ ತುದಿಗೆ ಷರ್ಟಿನ ಚಿಕ್ಕ ತುಂಡು ಮಡಚಿ ಹೊಲಿದರೆ ಮೂಲೆಗಳು ಚೂಪಾಗಿ ಬರುತ್ತವೆ.

ಚಿಂದಿಚಿತ್ತಾರ:
ಲೋಹದ್ದು ಒಂದು ಸಲೀಸಾಗಿ ಓಡುತ್ತಿದೆ, ಅದನ್ನು ಬ್ಯಾಗಿಗೆ ಹಾಕುತ್ತೇನೆ. ಪರ್ಸಿಗೆ ನೈಲಾನ್. ಇವತ್ತು ಬೆಡ್‌ಶೀಟಿನ ಅಂಚಿನ ಭಾಗ ಕತ್ತರಿಸಿ ಫ್ಲಾನೆಲ್ ಜೊತೆ ಟಾಕಾ ಹಾಕಿಟ್ಟೆ, ಜೀನ್ಸಿನ ಪಟ್ಟಿಯೂ ತಯಾರು. ಎರಡೂ ಮುಗಿದ ಮೇಲೆ ಒಳಗಿನದೂ ಹೊರಗಿನದೂ ಫೋಟೋ ಇಲ್ಲೇ ಹಾಕುತ್ತೇನೆ.